ಒಂದೇ ಪೇಲ್ ಏಲ್, ಮತ್ತೆ ಮತ್ತೆ

ಮನೆಯಲ್ಲಿ ಬಿಯರ್ ಮಾಡಲು ಕಲಿತವರಿಗೆ ಮೊದಲು ಬರುವ ಆಸೆ ಬಗೆಬಗೆಯದನ್ನು ಮಾಡಿ ನೋಡುವುದು. ಈ ತಿಂಗಳು ಸ್ಟೌಟ್, ಮುಂದಿನ ತಿಂಗಳು ಗೋಧಿ ಬಿಯರ್, ಆಮೇಲೆ ಐಪಿಎ. ಪ್ರತಿ ಸಲವೂ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬೇರೆ, ಹಾಪ್ಸ್ (ಕಹಿ, ಘಮ ಕೊಡುವ ಹೂ) ಬೇರೆ, ಹುದುಗಿಸುವ ಯೀಸ್ಟ್ ಬೇರೆ. ಹೀಗೆ ಮಾಡಿದರೆ ಬಿಯರ್ ಚೆನ್ನಾಗಿ ಬಂದರೂ ಯಾಕೆ ಬಂತು ಅಂತ ತಿಳಿಯುವುದಿಲ್ಲ, ಕೆಟ್ಟರೂ ಯಾಕೆ ಕೆಟ್ಟಿತು ಅಂತ ತಿಳಿಯುವುದಿಲ್ಲ. ಕೈ ಪಳಗಬೇಕಾದರೆ ಒಂದೇ ರೆಸಿಪಿ ಹಿಡಿದು ಕೂರಬೇಕು. ಸಲಕ್ಕೆ ಒಂದೇ ಅಂಶ ಬದಲಿಸಬೇಕು. ಆ ಬದಲಾವಣೆ ನಾಲಿಗೆಗೆ ನಿಜಕ್ಕೂ ಗೊತ್ತಾಯಿತೋ ಇಲ್ಲವೋ ಅಂತ ಯಾವ ಲೋಟದಲ್ಲಿ ಯಾವುದಿದೆ ಎಂಬುದನ್ನು ಮುಚ್ಚಿಟ್ಟು ಪರೀಕ್ಷಿಸಬೇಕು.

ಕರ್ನಾಟಕದಲ್ಲಿರುವ ಓದುಗರಿಗೆ ಮೊದಲೇ ಒಂದು ಮಾತು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆ ಬಳಕೆಗೆ ಅಂದರೂ ಅಷ್ಟೇ. ಇಲ್ಲಿ ಬರೆದಿರುವುದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆ ಇರುವ ಕನ್ನಡಿಗರಿಗೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ವಯಸ್ಕರು ಒಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಮಾಡಬಹುದು. ಮಾರುವಂತಿಲ್ಲ.

ಅಭ್ಯಾಸಕ್ಕೆ ಅಮೆರಿಕನ್ ಪೇಲ್ ಏಲ್‌ಗಿಂತ ಒಳ್ಳೆಯ ಬಿಯರ್ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಸ್ಟೌಟ್‌ನ ಹುರಿದ ಮಾಲ್ಟ್ ಸಣ್ಣಪುಟ್ಟ ದೋಷಗಳನ್ನು ಮುಚ್ಚಿಬಿಡುತ್ತದೆ. ಲಾಗರ್ ಏನನ್ನೂ ಮುಚ್ಚುವುದಿಲ್ಲ, ಆದರೆ ಅದಕ್ಕೆ ವಾರಗಟ್ಟಲೆ ತಂಪು ಬೇಕು. ಪೇಲ್ ಏಲ್ ಇವೆರಡರ ನಡುವಿನದು. ಮಾಲ್ಟ್, ಹಾಪ್ಸ್, ಯೀಸ್ಟ್ ಮೂರೂ ಬೇರೆಬೇರೆಯಾಗಿ ಗೊತ್ತಾಗುತ್ತವೆ, ತಿಂಗಳೊಳಗೆ ಕುಡಿಯಲು ಸಿದ್ಧ.

19 ಲೀಟರ್, ಅಂದರೆ 5 ಗ್ಯಾಲನ್‌ಗೆ ಬೇಕಾದದ್ದು ಇಷ್ಟು: 4.4 ಕಿಲೋ ಟು-ರೋ ಪೇಲ್ ಮಾಲ್ಟ್, 250 ಗ್ರಾಂ ಕ್ರಿಸ್ಟಲ್ 40 ಎಂಬ ಕ್ಯಾರಮೆಲ್ ಮಾಲ್ಟ್, ಕ್ಯಾಸ್ಕೇಡ್ ಹಾಪ್ಸ್ 84 ಗ್ರಾಂ, ಸಾಫ್‌ಏಲ್ ಯುಎಸ್-05 ಒಣ ಯೀಸ್ಟ್ 11.5 ಗ್ರಾಂನ ಒಂದು ಪೊಟ್ಟಣ. ಪುಡಿಮಾಡಿದ ಮಾಲ್ಟನ್ನು 14 ಲೀಟರ್ ನೀರಿನಲ್ಲಿ 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನೆನೆಸಿಡಬೇಕು. ಇದೇ ಮ್ಯಾಶ್. ಆಮೇಲೆ 15 ಲೀಟರ್ ಬಿಸಿನೀರು ಹಾಯಿಸಿ ಉಳಿದ ಸಕ್ಕರೆಯನ್ನು ತೊಳೆದು ತೆಗೆದರೆ ಸುಮಾರು 24 ಲೀಟರ್ ಸಿಹಿ ರಸ, ಅಂದರೆ ವರ್ಟ್, ಸಿಗುತ್ತದೆ. ಅದನ್ನು ಒಂದು ಗಂಟೆ ಕುದಿಸಬೇಕು. ಕುದಿಯ ಶುರುವಿನಲ್ಲಿ 28 ಗ್ರಾಂ ಹಾಪ್ಸ್, ಕೊನೆಗೆ 15 ನಿಮಿಷ ಇರುವಾಗ 28 ಗ್ರಾಂ, ಒಲೆ ಆರಿಸಿದ ಮೇಲೆ ಉಳಿದ 28 ಗ್ರಾಂ. ಹಾಪ್ಸ್‌ನಲ್ಲಿ ಕಹಿ ಕೊಡುವ ಆಲ್ಫಾ ಆಮ್ಲ ಶೇ. 6ರಷ್ಟಿದ್ದರೆ ಕಹಿ ಸುಮಾರು 30 ಐಬಿಯು (ಕಹಿಯ ಅಳತೆ) ಬರುತ್ತದೆ. ಪೊಟ್ಟಣದ ಮೇಲೆ ಆಲ್ಫಾ ಪ್ರಮಾಣ ಬರೆದಿರುತ್ತದೆ, ಅದು ಪ್ರತಿ ಬೆಳೆಗೂ ಬದಲಾಗುತ್ತದೆ. ಮುಂದಿನ ಸಲ ಶೇ. 7.5ರ ಪೊಟ್ಟಣ ಸಿಕ್ಕರೆ ಮೊದಲ ಕಂತನ್ನು 22 ಗ್ರಾಂಗೆ ಇಳಿಸಬೇಕು. ಇಲ್ಲದಿದ್ದರೆ ನೀವು ಬದಲಿಸಿದ್ದು ಒಂದು, ಬಿಯರ್‌ನಲ್ಲಿ ಬದಲಾದದ್ದು ಎರಡು.

ಹೈಡ್ರೋಮೀಟರ್‌ನಲ್ಲಿ ಆರಂಭದ ಸಾಂದ್ರತೆ 1.052ರ ಹತ್ತಿರ ಬರಬೇಕು, ಹುದುಗು ಮುಗಿದ ಮೇಲೆ 1.012ರ ಹತ್ತಿರ. ಎರಡರ ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್ ಶೇ. 5.25. ಆರಂಭದಲ್ಲೇ 1.044 ಬಂದರೆ ಹೆಚ್ಚಿನ ಸಲ ತಪ್ಪು ಗಿರಣಿಯಲ್ಲಿರುತ್ತದೆ. ಕಾಳು ಸರಿಯಾಗಿ ಒಡೆದಿರುವುದಿಲ್ಲ. ಉರುಳೆಗಳ ನಡುವೆ 1 ಮಿಲಿಮೀಟರ್ ಸಂದಿ ಸಾಕು. ಅಂಗಡಿಯಲ್ಲೇ ಪುಡಿ ಮಾಡಿಸುವವರು ಎರಡು ಸಲ ಹಾಕಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಅನುಮಾನ ಥರ್ಮಾಮೀಟರ್ ಮೇಲೆ. ಐಸ್ ನೀರಿನಲ್ಲಿ 0, ಕುದಿಯುವ ನೀರಿನಲ್ಲಿ 100 ತೋರಿಸಬೇಕು. ಎತ್ತರದ ಊರಲ್ಲಿ ಕುದಿಬಿಂದು ಇಳಿಯುವುದನ್ನು ಮರೆಯಬಾರದು. ಡೆನ್ವರ್‌ನಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಮ್ಯಾಶ್‌ನಲ್ಲಿ ಮೂರು ಡಿಗ್ರಿ ಹೆಚ್ಚುಕಡಿಮೆ ಅಂದರೆ ಬೇರೆಯೇ ಬಿಯರ್. 64ರ ಹತ್ತಿರ ಬೀಟಾ ಅಮೈಲೇಸ್ ಕಿಣ್ವ ಚುರುಕು, ಯೀಸ್ಟ್ ತಿನ್ನಬಲ್ಲ ಸಕ್ಕರೆ ಹೆಚ್ಚು, ಬಿಯರ್ ತೆಳುವಾಗಿ ಸಪೂರವಾಗುತ್ತದೆ. 69–70ರಲ್ಲಿ ಆಲ್ಫಾ ಅಮೈಲೇಸ್‌ನದೇ ಮೇಲುಗೈ, ಯೀಸ್ಟ್ ತಿನ್ನಲಾರದ ಡೆಕ್ಸ್‌ಟ್ರಿನ್ ಉಳಿದು ಬಾಯಿ ತುಂಬುತ್ತದೆ.

ರುಚಿ ನೋಡುವುದನ್ನು ಬಾಟಲಿ ತೆರೆಯುವ ದಿನಕ್ಕೆ ಇಟ್ಟುಕೊಳ್ಳಬಾರದು. ಮಾಲ್ಟ್ ತಂದ ದಿನವೇ ನಾಲ್ಕು ಕಾಳು ಜಗಿಯಿರಿ. ಗರಿಗರಿಯಾಗಿ ಮುರಿದು ಬಿಸ್ಕತ್ತಿನ ಸಿಹಿ ಬರಬೇಕು. ಮೆತ್ತಗಿದ್ದರೆ ತೇವ ಹಿಡಿದಿದೆ. ಹಾಪ್ಸ್ ಉಂಡೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಕ್ಯಾಸ್ಕೇಡ್‌ನಲ್ಲಿ ಚಕ್ಕೋತ ಸಿಪ್ಪೆಯ ಘಮ ಬರಬೇಕು. ಹಳೆಯ ಚೀಸಿನ, ಬೆವರಿದ ಕಾಲುಚೀಲದ ವಾಸನೆ ಬಂದರೆ ಅದು ಗಾಳಿಗೆ ಕೆಟ್ಟ ಹಾಪ್ಸ್, ಎಸೆಯಿರಿ. ವರ್ಟ್ ತಣ್ಣಗಾದ ಮೇಲೆ ಸಾಂದ್ರತೆ ಅಳೆಯಲು ತೆಗೆದ 100 ಮಿಲಿಲೀಟರನ್ನು ಚೆಲ್ಲದೆ ಕುಡಿದು ನೋಡಿ. ಅತಿ ಸಿಹಿ ಇರುತ್ತದೆ, ಕಹಿ ಒರಟಾಗಿರುತ್ತದೆ, ಅದು ಸಹಜ. ನಾಲಿಗೆಯ ಬದಿಗಳು ಹಿಡಿದುಕೊಂಡು ಬಾಯಿ ಒಣಗುವಂಥ ಒಗರು ಇದೆಯೇ ಎಂಬುದನ್ನಷ್ಟೇ ಅಲ್ಲಿ ಹುಡುಕಬೇಕು. ಆ ಒಗರು ಸಿಪ್ಪೆಯ ಟ್ಯಾನಿನ್‌ನದು. ತೊಳೆಯುವ ನೀರು 77 ಡಿಗ್ರಿ ದಾಟಿದರೆ, ಅಥವಾ ತೊಳೆಯುತ್ತಾ ಹೋದಂತೆ ರಸದ ಪಿಎಚ್ 6ರ ಮೇಲೆ ಹೋದರೆ ಅದು ರಸಕ್ಕೆ ಬಿಟ್ಟುಕೊಳ್ಳುತ್ತದೆ. ವರ್ಟ್‌ನಲ್ಲೇ ಕಂಡ ಒಗರನ್ನು ಆಮೇಲೆ ಯೀಸ್ಟ್ ಮೇಲೆ ಹೊರಿಸುವ ತಪ್ಪು ಹೀಗೆ ತಪ್ಪುತ್ತದೆ.

ನಾಲ್ಕನೆಯ ದಿನದ ಮಾದರಿಯಲ್ಲಿ ಹಸಿರು ಸೇಬಿನ ವಾಸನೆ ಸಿಕ್ಕರೆ ಗಾಬರಿ ಬೇಡ. ಅದು ಅಸಿಟಾಲ್ಡಿಹೈಡ್, ಆಲ್ಕೋಹಾಲ್ ಆಗುವ ದಾರಿಯಲ್ಲಿರುವ ಪದಾರ್ಥ. ಯೀಸ್ಟ್‌ಗೆ ಕೆಲವು ದಿನ ಬಿಟ್ಟರೆ ಅದೇ ಮುಗಿಸುತ್ತದೆ. ಹತ್ತನೆಯ ದಿನವೂ ಅದೇ ವಾಸನೆ ಇದ್ದರೆ ಯೀಸ್ಟ್ ಕಡಿಮೆ ಬಿದ್ದಿದೆ, ಅಥವಾ ತಂಪಿಗೆ ಮಲಗಿದೆ.

ಮನೆಯ ಬಿಯರ್‌ನ ಗುಣವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಹುದುಗುವ ತಾಪಮಾನ. ಒಳ್ಳೆಯ ಪಾತ್ರೆ, ದುಬಾರಿ ಪಂಪುಗಳಿಗೆ ಹಾಕುವ ಹಣವನ್ನು ಮೊದಲು ಇದಕ್ಕೆ ಹಾಕಿ. ಯುಎಸ್-05ಗೆ 18–19 ಡಿಗ್ರಿ ಹದ. ಕೋಣೆಯ ತಾಪ 20 ಇದ್ದರೆ ಸಾಕಲ್ಲವೇ ಎಂದುಕೊಳ್ಳುವವರು ಬಹಳ. ಹುದುಗು ಜೋರಾದಾಗ ಯೀಸ್ಟೇ ಶಾಖ ಹೊರಬಿಡುತ್ತದೆ, ಹುದುಗುವ ಪಾತ್ರೆ, ಅಂದರೆ ಫರ್ಮೆಂಟರ್, ಒಳಗೆ ಕೋಣೆಗಿಂತ 3ರಿಂದ 5 ಡಿಗ್ರಿ ಏರುತ್ತದೆ. ಅಂದರೆ 20ರ ಕೋಣೆಯಲ್ಲಿ ಬಿಯರ್ 23–25ರಲ್ಲಿ ಹುದುಗಿರುತ್ತದೆ. ಹಣ್ಣಿನ ವಾಸನೆಯ ಎಸ್ಟರ್‌ಗಳೂ, ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್‌ಗಳೂ ಹುಟ್ಟುವುದು ಯೀಸ್ಟ್ ಬೆಳೆಯುವ ಮೊದಲ ಎರಡು ಮೂರು ದಿನಗಳಲ್ಲೇ. ಹುಟ್ಟಿದ ಮೇಲೆ ತಿಂಗಳು ಇಟ್ಟರೂ ಫ್ಯೂಸೆಲ್ ಹೋಗುವುದಿಲ್ಲ. ಹಾಗಾಗಿ ವರ್ಟನ್ನು 17–18ಕ್ಕೆ ಇಳಿಸಿದ ಮೇಲೆಯೇ ಯೀಸ್ಟ್ ಹಾಕಬೇಕು. ಸಂಜೆಯಾಯಿತು, ನಿದ್ದೆ ಬಂತು ಅಂತ 27ರಲ್ಲಿ ಹಾಕಿ ರಾತ್ರಿ ತಣ್ಣಗಾಗಲಿ ಎನ್ನುವುದೇ ಕೆಡುವ ದಾರಿ. ಮುಚ್ಚಿಟ್ಟು ಬೆಳಿಗ್ಗೆ ಹಾಕಿದರೂ ನಡೆಯುತ್ತದೆ, ಪಾತ್ರೆ ಸರಿಯಾಗಿ ಸ್ಯಾನಿಟೈಸ್ ಆಗಿದ್ದರೆ. ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರ್ ಆದರೆ 19 ಲೀಟರ್ ನೀರಿಗೆ 30 ಮಿಲಿಲೀಟರ್, ಒಂದೆರಡು ನಿಮಿಷ ತಾಗಿದರೆ ಸಾಕು. ಆದರೆ ಕೊಳೆ ಅಂಟಿದ ಪಾತ್ರೆಗೆ ಅದು ಕೆಲಸ ಮಾಡುವುದಿಲ್ಲ, ಮೊದಲು ತೊಳೆದಿರಬೇಕು.

ತಾಪ ಹಿಡಿದಿಡಲು ಹಳೆಯ ಫ್ರಿಜ್ಜಿಗೆ ತಾಪ ನಿಯಂತ್ರಕ ಜೋಡಿಸುವುದು ಉತ್ತಮ. ಅದರ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ ಫರ್ಮೆಂಟರ್ ಗೋಡೆಗೆ ಟೇಪಿನಿಂದ ಅಂಟಿಸಿ, ಮೇಲೆ ಥರ್ಮೋಕೋಲ್ ತುಂಡು ಮುಚ್ಚಬೇಕು. ಫ್ರಿಜ್ ಇಲ್ಲದಿದ್ದರೆ ದೊಡ್ಡ ಟಬ್ಬಿನ ನೀರಿನಲ್ಲಿ ಫರ್ಮೆಂಟರ್ ಇಟ್ಟು, ದಿನಕ್ಕೆ ಎರಡು ಸಲ ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಬದಲಿಸಿದರೂ ಏರಿಳಿತ ಬಹಳ ಕಡಿಮೆಯಾಗುತ್ತದೆ. ಮೂರನೆಯ ದಿನ ದಾಟಿದ ಮೇಲೆ ನಿಧಾನವಾಗಿ 21ಕ್ಕೆ ಏರಲು ಬಿಡಬಹುದು, ಬಿಡಬೇಕು ಕೂಡ. ಬೆಣ್ಣೆಯ ವಾಸನೆಯ ಡೈಅಸಿಟೈಲ್ ಅನ್ನು ಯೀಸ್ಟ್ ಮತ್ತೆ ಹೀರಿಕೊಳ್ಳುವುದು ಈ ಬೆಚ್ಚಗಿನ ಕೊನೆಯ ದಿನಗಳಲ್ಲಿ.

ಡೈಅಸಿಟೈಲ್‌ದು ಒಂದು ಮೋಸವಿದೆ. ಫರ್ಮೆಂಟರ್‌ನಿಂದ ತೆಗೆದ ಮಾದರಿಯಲ್ಲಿ ಬೆಣ್ಣೆಯ ಸುಳಿವೇ ಇರುವುದಿಲ್ಲ, ಎರಡು ವಾರದ ನಂತರ ಬಾಟಲಿಯಲ್ಲಿ ಪಾಪ್‌ಕಾರ್ನ್ ಅಂಗಡಿಯ ವಾಸನೆ. ವಾಸನೆಯಿಲ್ಲದ ಅದರ ಪೂರ್ವರೂಪ ಬಿಯರ್‌ನಲ್ಲಿ ಉಳಿದು, ಆಮೇಲೆ ಬದಲಾಗುವುದು ಇದಕ್ಕೆ ಕಾರಣ. ಬಾಟಲಿ ತುಂಬುವ ಮೊದಲು ಪರೀಕ್ಷಿಸುವುದು ಸುಲಭ. ಮುಚ್ಚಳವಿರುವ ಎರಡು ಗಾಜಿನ ಲೋಟಗಳಿಗೆ ಸ್ವಲ್ಪ ಸ್ವಲ್ಪ ಬಿಯರ್ ಹಾಕಿ. ಒಂದನ್ನು 60–70 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಇಟ್ಟು ತಣಿಸಿ, ಇನ್ನೊಂದು ಹಾಗೇ ಇರಲಿ. ಎರಡನ್ನೂ ಮೂಸಿ. ಬಿಸಿಯಾದದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಇನ್ನೂ ಎರಡು ಮೂರು ದಿನ 21ರಲ್ಲೇ ಬಿಟ್ಟು ಮತ್ತೆ ನೋಡಿ. ಎರಡರಲ್ಲೂ ಬಾರದಿದ್ದರೆ ಮುಂದುವರಿಯಬಹುದು. ಯೀಸ್ಟ್ ಎಲ್ಲ ಬೇಗ ತಳ ಸೇರಲಿ ಅಂತ ಐದನೇ ದಿನಕ್ಕೇ ಫ್ರಿಜ್ ತಣ್ಣಗೆ ಮಾಡುವವರ ಬಿಯರ್‌ನಲ್ಲಿ ಈ ದೋಷ ಹೆಚ್ಚು.

ಉಳಿದ ದೋಷಗಳನ್ನು ಬೇಗ ಹೇಳಿಬಿಡುತ್ತೇನೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡಿಎಂಎಸ್ (ಡೈಮಿಥೈಲ್ ಸಲ್ಫೈಡ್) ಎಂಬ ಗಂಧಕದ ಸಂಯುಕ್ತದ್ದು. ಮಡಕೆಯ ಮುಚ್ಚಳ ಮುಚ್ಚಿ ಕುದಿಸಿದರೆ, ಅಥವಾ ಕುದಿ ಮಂದವಾದರೆ ಉಳಿಯುತ್ತದೆ. ಪಿಲ್ಸ್ನರ್ ಮಾಲ್ಟ್ ಆದರೆ 90 ನಿಮಿಷ ಕುದಿಸುವುದು ಕ್ಷೇಮ. ಔಷಧಿ ಪಟ್ಟಿಯ, ಆಸ್ಪತ್ರೆಯ ವಾಸನೆ ಬಂದರೆ ನಲ್ಲಿ ನೀರಿನ ಕ್ಲೋರಿನ್ ಮೇಲೆ ಅನುಮಾನ ಪಡಿ. ಹಲವು ಊರುಗಳಲ್ಲಿ ಈಗ ಬಳಸುವ ಕ್ಲೋರಮೀನ್ ಕುದಿಸಿದರೆ ಸುಲಭಕ್ಕೆ ಹೋಗುವುದಿಲ್ಲ. ಒಟ್ಟು 29 ಲೀಟರ್ ನೀರಿಗೆ ಅರ್ಧ ಕ್ಯಾಂಪ್‌ಡೆನ್ (ಸಲ್ಫೈಟ್) ಮಾತ್ರೆ ಪುಡಿಮಾಡಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಕೆಟ್ಟ ದೋಷ ತಪ್ಪಿಸುವ ಇನ್ನೊಂದು ಉಪಾಯ ಈ ಕಸುಬಿನಲ್ಲಿಲ್ಲ. ಲವಂಗದ ವಾಸನೆ ಬವೇರಿಯಾದ ಗೋಧಿ ಬಿಯರ್‌ನಲ್ಲಿ ಗುಣ, ಪೇಲ್ ಏಲ್‌ನಲ್ಲಿ ಕಾಡು ಯೀಸ್ಟ್ ಸೇರಿದ ಗುರುತು. ಮೊಸರಿನ ನೀರಿನಂಥ ಹುಳಿ ಬ್ಯಾಕ್ಟೀರಿಯಾದ್ದು, ಸಾಮಾನ್ಯವಾಗಿ ಪ್ಲಾಸ್ಟಿಕ್ ಕೊಳವೆಯ ಗೀರುಗಳಲ್ಲಿ, ಫರ್ಮೆಂಟರ್‌ನ ನಲ್ಲಿಯ ಒಳಸಂದಿಯಲ್ಲಿ ಅಡಗಿರುತ್ತದೆ. ಕೊಳವೆ ಬದಲಿಸಿ, ನಲ್ಲಿಯನ್ನು ಪೂರ್ತಿ ಬಿಚ್ಚಿ ತೊಳೆಯಿರಿ. ಬಿಸಿಲಿಗೆ ಇಟ್ಟ ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯಲ್ಲಿ ಬರುವ ದುರ್ನಾತಕ್ಕೆ ಹಾಪ್ಸ್‌ನ ಕಹಿ ಬೆಳಕಿಗೆ ಒಡೆಯುವುದೇ ಕಾರಣ. ಕಂದು ಬಾಟಲಿ ಬಳಸಿ.

ಈ ವಾಸನೆಗಳನ್ನು ಓದಿ ಕಲಿಯಲು ಆಗುವುದಿಲ್ಲ. ಅಂಗಡಿಯ ಸಪ್ಪೆ ಲಾಗರ್ ಆರು ಕ್ಯಾನ್ ತಂದು ಬೇಕೆಂದೇ ಕೆಡಿಸಿ ಮೂಸಿ ನೋಡಬೇಕು. ಒಂದಕ್ಕೆ ಬೆಣ್ಣೆಯ ಎಸೆನ್ಸ್ ಎರಡು ಹನಿ, ಒಂದಕ್ಕೆ ಡಬ್ಬಿಯ ಮೆಕ್ಕೆಜೋಳದ ನೀರು ಎರಡು ಚಮಚ, ಒಂದಕ್ಕೆ ಅರ್ಧ ಚಮಚ ಬಿಳಿ ವಿನೆಗರ್, ಒಂದಕ್ಕೆ ಬಹಳ ಹೊತ್ತು ನೆನೆಸಿ ಒಗರಾದ ಕಪ್ಪು ಚಹಾ. ಐದನೆಯದನ್ನು ಗಾಜಿನ ಲೋಟದಲ್ಲಿ ಒಂದು ಗಂಟೆ ಬಿಸಿಲಿಗಿಡಿ. ಆರನೆಯದಕ್ಕೆ ಏನೂ ಸೇರಿಸಬೇಡಿ, ಅದು ಹೋಲಿಕೆಗೆ. ಬೆಣ್ಣೆ ಕೆಲವರ ಮೂಗಿಗೆ ಎಷ್ಟು ಹಾಕಿದರೂ ಗೊತ್ತಾಗುವುದಿಲ್ಲ. ನೀವು ಅಂಥವರಾಗಿದ್ದರೆ ಅದನ್ನು ತಿಳಿದುಕೊಂಡು, ಆ ಒಂದು ವಿಷಯಕ್ಕೆ ಬೇರೆಯವರ ಮೂಗನ್ನು ನಂಬಬೇಕು.

ಸವಿಯುವಾಗ ಬಿಯರ್ 10–12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದ ತಕ್ಷಣ 4 ಡಿಗ್ರಿಯಲ್ಲಿ ದೋಷವೂ ಕಾಣದು, ಗುಣವೂ ಕಾಣದು. ಸಾರು, ಉಪ್ಪಿನಕಾಯಿ ತಿಂದ ಬಾಯಿಗೆ, ಕಾಫಿ ಕುಡಿದ ಬಾಯಿಗೆ ಒಂದು ಗಂಟೆ ಬಿಡುವು ಕೊಡಿ. ಲೋಟದಲ್ಲಿ ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಸುರಿದ ಕೂಡಲೇ ಮೂಸಬೇಕು, ಆವಿಯಾಗಿ ಹೋಗುವ ವಾಸನೆಗಳು ಮೊದಲ ನಿಮಿಷದಲ್ಲೇ ಹೋಗುತ್ತವೆ. ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿಯಲ್ಲಿ 50ಕ್ಕೆ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಅನುಭವಕ್ಕೆ 5, ಒಟ್ಟು ಅನಿಸಿಕೆಗೆ 10. ಅಂಕಗಳಿಗಿಂತ ಅದರ ಕ್ರಮ ಉಪಯುಕ್ತ, ವಾಸನೆ ಬರೆದು ಮುಗಿಸದೆ ಗುಟುಕು ಕುಡಿಯುವಂತಿಲ್ಲ. ಟಿಪ್ಪಣಿಯಲ್ಲಿ ‘ಚೆನ್ನಾಗಿದೆ’ ಅಂತ ಬರೆಯುವುದರಿಂದ ಮುಂದಿನ ಸಲಕ್ಕೆ ಏನೂ ಸಿಗುವುದಿಲ್ಲ. ‘ಕಹಿ ನುಂಗಿದ ಮೇಲೂ ನಾಲಿಗೆಯ ಹಿಂಭಾಗದಲ್ಲಿ ಉಳಿಯುತ್ತದೆ, ಚಕ್ಕೋತ ಮಂಕು’ ಅಂತ ಬರೆದರೆ ಸಿಗುತ್ತದೆ.

ಬದಲಾವಣೆಯನ್ನು ಪರೀಕ್ಷಿಸಲು ಅತ್ಯುತ್ತಮ ವಿಧಾನ ಒಂದೇ ವರ್ಟನ್ನು ಎರಡು ಪಾಲು ಮಾಡುವುದು. 19 ಲೀಟರನ್ನು ಒಂಬತ್ತೂವರೆ ಲೀಟರಿನ ಎರಡು ಫರ್ಮೆಂಟರ್‌ಗಳಿಗೆ ಹಾಕಿ, ಅರ್ಧರ್ಧ ಪೊಟ್ಟಣ ಯೀಸ್ಟ್. ಒಂದು 18ರಲ್ಲಿ, ಇನ್ನೊಂದು ಕೋಣೆಯ ತಾಪದಲ್ಲಿ. ಅಥವಾ ಒಂದಕ್ಕೆ ಯುಎಸ್-05, ಇನ್ನೊಂದಕ್ಕೆ ಎಸ್-04. ಆಮೇಲೆ ಮೂರು ಲೋಟದ ಪರೀಕ್ಷೆ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ, ಯಾವುದು ಬೇರೆ ಅಂತ ಹೇಳಬೇಕು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ 1940ರ ದಶಕದಲ್ಲಿ ಬಳಕೆಗೆ ಬಂದ ಪರೀಕ್ಷೆ ಇದು. ಪಿಎಚ್ ಅಳತೆಯನ್ನು 1909ರಲ್ಲಿ ಸೋರೆನ್ಸನ್ ರೂಪಿಸಿದ್ದೂ ಅದೇ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ. ಕಡಿಮೆ ಮಾದರಿಗಳಿಂದ ಎಷ್ಟು ಖಚಿತವಾಗಿ ಹೇಳಬಹುದು ಎಂಬ ಲೆಕ್ಕವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ. ಬಿಯರ್ ಕಸುಬು ವಿಜ್ಞಾನಕ್ಕೆ ಕೊಟ್ಟದ್ದು ಕಡಿಮೆಯಲ್ಲ.

ಪರೀಕ್ಷೆಗೆ ಬಣ್ಣ ಕಾಣದ ಲೋಟಗಳು ಬೇಕು, ಪ್ರತಿಯೊಂದರಲ್ಲೂ 60 ಮಿಲಿಲೀಟರ್, ಒಂದೇ ತಾಪ, ಒಂದೇ ಗ್ಯಾಸು. ಲೋಟಗಳ ಮೇಲೆ ಎ, ಬಿ ಬರೆಯದೆ 417, 683 ಎಂಬಂಥ ಮೂರಂಕಿ ಬರೆಯಿರಿ, ‘ಎ’ ಅಂದರೆ ಉತ್ತಮ ಎಂಬ ಭಾವನೆ ಮನಸ್ಸಿಗೆ ತಾನಾಗಿ ಬರುತ್ತದೆ. ಸುರಿಯುವವರು ಬೇರೆ, ಕೊಡುವವರು ಬೇರೆ ಆಗಿದ್ದರೆ ಇನ್ನೂ ಒಳ್ಳೆಯದು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ. ಆದ್ದರಿಂದ 12 ಜನರಲ್ಲಿ ಕನಿಷ್ಠ 8 ಮಂದಿ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ಇದೆ ಎನ್ನಬಹುದು. ಒಬ್ಬರೇ ಇದ್ದರೆ, ಮನೆಯವರಿಂದ ಸುರಿಸಿಕೊಂಡು ಬೇರೆಬೇರೆ ಹೊತ್ತಿನಲ್ಲಿ 6 ಸಲ ಮಾಡಿ 5 ಸಲ ಸರಿ ಬರಬೇಕು. ಯಾವುದು ಇಷ್ಟ ಎಂಬ ಪ್ರಶ್ನೆ ಆಮೇಲೆ, ಅದೂ ಸರಿಯಾಗಿ ಗುರುತಿಸಿದವರಿಗೆ ಮಾತ್ರ. ವ್ಯತ್ಯಾಸವೇ ಗೊತ್ತಾಗದವರ ಇಷ್ಟಕ್ಕೆ ಬೆಲೆಯಿಲ್ಲ. ಬಹಳ ಕಷ್ಟಪಟ್ಟು ಮಾಡಿದ ಬದಲಾವಣೆ ಇಲ್ಲಿ ಯಾರಿಗೂ ಗೊತ್ತಾಗದೆ ಹೋಗುವುದುಂಟು. ಅದೂ ಉಪಯುಕ್ತ ಫಲಿತಾಂಶವೇ, ಮುಂದಿನ ಸಲ ಆ ಶ್ರಮ ಉಳಿಯುತ್ತದೆ.

ನೀರಿನ ಲವಣಗಳನ್ನು ಪರೀಕ್ಷಿಸಲು ಹೊಸದಾಗಿ ಬಿಯರ್ ಮಾಡುವುದೂ ಬೇಡ. ಅರ್ಧ ಲೀಟರ್ ಶುದ್ಧ ನೀರಿನಲ್ಲಿ ಆಹಾರ ದರ್ಜೆಯ ಜಿಪ್ಸಮ್ 1 ಗ್ರಾಂ ಕರಗಿಸಿ. 200 ಮಿಲಿಲೀಟರ್ ಬಿಯರಿಗೆ ಆ ನೀರು 10 ಮಿಲಿಲೀಟರ್ ಹಾಕಿದರೆ ಸಲ್ಫೇಟ್ ಲೀಟರಿಗೆ ಸುಮಾರು 50 ಮಿಲಿಗ್ರಾಂ ಏರುತ್ತದೆ. ಹೋಲಿಕೆಯ ಲೋಟಕ್ಕೆ ಬರಿ ನೀರು 10 ಮಿಲಿಲೀಟರ್ ಹಾಕುವುದನ್ನು ಮರೆಯಬೇಡಿ. ಹಾಪ್ಸ್‌ನ ಕಹಿ ಚುರುಕಾಗಿ, ಕೊನೆ ಒಣಗಿದಂತೆ ಅನಿಸಿದರೆ ಮುಂದಿನ ಸಲ ಮ್ಯಾಶ್‌ಗೆ ಜಿಪ್ಸಮ್ ಸೇರಿಸಿ, 19 ಲೀಟರಿಗೆ 1 ಗ್ರಾಂ ಅಂದರೆ ಸಲ್ಫೇಟ್ ಲೀಟರಿಗೆ 29 ಮಿಲಿಗ್ರಾಂ ಏರಿದಂತೆ. ಇಂಗ್ಲೆಂಡಿನ ಬರ್ಟನ್ ಊರಿನ ಕಹಿ ಏಲ್‌ಗಳ ಹಿಂದೆ ಇರುವುದು ಅಲ್ಲಿನ ಬಾವಿಗಳ ಜಿಪ್ಸಮ್. ದುಂಡನೆಯ, ಮಾಲ್ಟ್ ಮುಂದಿರುವ ರುಚಿ ಬೇಕಿದ್ದರೆ ಕ್ಯಾಲ್ಸಿಯಂ ಕ್ಲೋರೈಡಿನಿಂದ ಇದೇ ಪರೀಕ್ಷೆ ಮಾಡಬಹುದು.

ಬಾಟಲಿ ತುಂಬುವ ಹಂತದಲ್ಲಿ ವೈರಿ ಆಮ್ಲಜನಕ. ಎರಡು ಮೂರು ದಿನದ ಅಂತರದಲ್ಲಿ ಸಾಂದ್ರತೆ ಒಂದೇ ಬಂದ ಮೇಲೆಯೇ ಈ ಕೆಲಸಕ್ಕೆ ಇಳಿಯಬೇಕು, ಇಲ್ಲದಿದ್ದರೆ ಉಳಿದ ಸಕ್ಕರೆ ಬಾಟಲಿಯಲ್ಲಿ ಹುದುಗಿ ಗಾಜು ಸಿಡಿಯುತ್ತದೆ, ಇದು ಕಣ್ಣಿಗೇ ಅಪಾಯ. ಬಾಟಲಿಗೆ ಹೋಗುವ 18 ಲೀಟರಿಗೆ 105 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ತಣಿಸಿ, ಬಕೆಟ್ಟಿನ ತಳಕ್ಕೆ ಹಾಕಿ. ಬಿಯರನ್ನು ಕೊಳವೆಯಿಂದ ಬಕೆಟ್ಟಿನ ತಳದಲ್ಲೇ ಸದ್ದಿಲ್ಲದೆ ಇಳಿಸಬೇಕು, ಮೇಲಿನಿಂದ ಸುರಿದರೆ ಗಾಳಿ ಬೆರೆತಂತೆಯೇ. 355 ಮಿಲಿಲೀಟರಿನ 50 ಬಾಟಲಿಯ ಹತ್ತಿರ ಆಗುತ್ತದೆ. ಮುಚ್ಚಳ ಒತ್ತಿ, 20–22 ಡಿಗ್ರಿಯಲ್ಲಿ ಎರಡು ವಾರ.

ಆಮೇಲೆ ಎರಡು ಬಾಟಲಿಗಳನ್ನು ಬೇರೆ ಇಡಿ, ಒಂದು ಫ್ರಿಜ್ಜಿನಲ್ಲಿ, ಇನ್ನೊಂದು ಮನೆಯ ಬೆಚ್ಚಗಿನ ಜಾಗದಲ್ಲಿ. ಮೂರು ವಾರದ ನಂತರ ಎರಡನ್ನೂ ಒಂದೇ ತಾಪಕ್ಕೆ ತಂದು ಅದೇ ಮೂರು ಲೋಟದ ಪರೀಕ್ಷೆ ಮಾಡಿ. ಬೆಚ್ಚಗಿದ್ದದ್ದರಲ್ಲಿ ಚಕ್ಕೋತ ಮಾಯವಾಗಿ, ಜೇನಿನಂಥ ಮಂಕು ಸಿಹಿಯೋ ನೆನೆದ ರಟ್ಟಿನ ರುಚಿಯೋ ಬಂದಿದ್ದರೆ ತುಂಬುವಾಗ ಗಾಳಿ ಸೇರಿದೆ. ಮುಂದಿನ ಸಲ ರೆಸಿಪಿಯನ್ನು ಮುಟ್ಟದೆ, ಕೊಳವೆಯ ಜೋಡಣೆಯಲ್ಲಿ ಗುಳ್ಳೆ ಬರುತ್ತಿದೆಯೇ, ಬಾಟಲಿಯ ಕುತ್ತಿಗೆಯಲ್ಲಿ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಖಾಲಿ ಬಿಡುತ್ತಿದ್ದೀರಾ, ಮುಚ್ಚಳ ಹಾಕಲು ತಡವಾಗುತ್ತಿದೆಯೇ, ಅಷ್ಟನ್ನೇ ನೋಡಿ. ಎರಡೂ ಬಾಟಲಿಗಳ ವ್ಯತ್ಯಾಸ ಗುರುತಿಸಲು ಕಷ್ಟವಾದರೆ ಬಾಟಲಿಯ ಕೆಲಸ ಕೈಗೆ ಹತ್ತಿದೆ, ಈಗ ಹಾಪ್ಸ್‌ನ ಕೊನೆಯ ಕಂತನ್ನು 28ರಿಂದ 56 ಗ್ರಾಂಗೆ ಏರಿಸಿ ಮುಂದಿನ ಪರೀಕ್ಷೆಗೆ ಹೋಗಬಹುದು.